ಒಂದೇ ಅಂಗಡಿ, ಎರಡು ಮೇಜು

ಸಣ್ಣ ಉದ್ದಿಮೆಗಳಿಗೆಂದು ಸರ್ಕಾರ ಇಟ್ಟಿರುವ ಉದ್ಯಮ್ ನೋಂದಣಿಯ ಅರ್ಜಿ ತುಂಬುತ್ತಿದ್ದಾಗ ನನ್ನ ಕೈ ನಿಂತುಹೋದ ಜಾಗ ಇನ್ನೂ ನೆನಪಿದೆ. ಹೆಸರು, ವಿಳಾಸ, ಬ್ಯಾಂಕ್ ಖಾತೆ ಎಲ್ಲವೂ ಸರಾಗವಾಗಿ ಮುಗಿದಿತ್ತು. ಆಮೇಲೆ ನಮ್ಮ ಕಸುಬು ಯಾವುದೆಂದು ಸರ್ಕಾರದ ಪಟ್ಟಿಯಿಂದ ಸಂಖ್ಯೆ ಆರಿಸಬೇಕು. ವಿನ್ಯಾಸದ ಕೆಲಸಕ್ಕೆ 7410. ಕಂಪ್ಯೂಟರ್ ದುರಸ್ತಿಗೆ 9511. ಮೊದಲನೆಯದು ವಕೀಲಿಕೆ, ವಾಸ್ತುಶಿಲ್ಪ, ಸಂಶೋಧನೆ, ಜಾಹೀರಾತುಗಳ ನೆರೆಯಲ್ಲಿದೆ. ಎರಡನೆಯದು ಚಪ್ಪಲಿ ರಿಪೇರಿ, ಕ್ಷೌರ, ಬಟ್ಟೆ ಒಗೆಯುವ ಕೆಲಸಗಳ ಕೇರಿಯಲ್ಲಿದೆ. ಎರಡನ್ನೂ ಸೇರಿಸಲು ಅರ್ಜಿಯಲ್ಲಿ ಅವಕಾಶವಿತ್ತು, ಸೇರಿಸಿದೆ. ಆದರೆ ಯಾವುದನ್ನು ಮೊದಲು ಬರೆಯಬೇಕು ಎಂಬಲ್ಲಿ ಹತ್ತು ನಿಮಿಷ ಕುಳಿತುಬಿಟ್ಟೆ. ಆ ಹತ್ತು ನಿಮಿಷ ಇವತ್ತಿಗೂ ಮುಗಿದಿಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಚಿಕ್ಕಮಗಳೂರಿನ ಐಜಿ ರಸ್ತೆಯಿಂದ ಒಳಗೆ ತಿರುಗುವ ಅಡ್ಡರಸ್ತೆಯೊಂದರಲ್ಲಿ ನನ್ನ ಅಂಗಡಿ. ಒಳಗೆ ಎರಡು ಮೇಜು. ಎಡಗಡೆಯದರ ಮೇಲೆ ಸ್ಕ್ರೂಡ್ರೈವರ್‌ಗಳು, ದೂಳು ಊದುವ ಬ್ಲೋವರ್, ನೆಟ್‌ವರ್ಕ್ ಕೇಬಲ್‌ಗೆ ತುದಿ ಕೂರಿಸುವ ಇಕ್ಕಳ, ನಾಣ್ಯದಂಥ ಬ್ಯಾಟರಿಗಳ ಡಬ್ಬಿ. ಬಲಗಡೆಯದರ ಮೇಲೆ ಬಣ್ಣದ ಪಟ್ಟಿಗಳು, ಸ್ಟೀಲ್ ಸ್ಕೇಲು, ಭೂತಗನ್ನಡಿ, ಬೇರೆ ಬೇರೆ ದಪ್ಪದ ಕಾಗದದ ತುಂಡುಗಳು. ಒಂದು ರಬ್ಬರು ಮಾತ್ರ ಎರಡೂ ಮೇಜುಗಳ ನಡುವೆ ಓಡಾಡುತ್ತಿರುತ್ತದೆ. ಅದರಲ್ಲಿ ಪೆನ್ಸಿಲ್ ಗೆರೆಯನ್ನೂ ಅಳಿಸುತ್ತೇನೆ, ಮಳೆಗಾಲದ ತೇವಕ್ಕೆ ಮಂಕಾದ ರ‍್ಯಾಮ್‌ನ ಬಂಗಾರದ ಹಲ್ಲುಗಳನ್ನೂ ಉಜ್ಜುತ್ತೇನೆ. ಹಾಗೆ ಉಜ್ಜಿದ ಮೇಲೆ ಸತ್ತೇಹೋಯಿತು ಎಂದುಕೊಂಡಿದ್ದ ಎಷ್ಟೋ ಕಂಪ್ಯೂಟರ್‌ಗಳು ಎದ್ದು ಕುಳಿತಿವೆ.

"ಎರಡು ದೋಣಿಯ ಮೇಲೆ ಕಾಲಿಡಬೇಡ, ಒಂದನ್ನು ಗಟ್ಟಿಯಾಗಿ ಹಿಡಿದುಕೋ" ಎಂದು ಚಿಕ್ಕಪ್ಪ ಪ್ರತಿ ದೀಪಾವಳಿಗೂ ಹೇಳುತ್ತಾರೆ. ಅವರ ಮಾತಿನಲ್ಲಿರುವುದು ಅಕ್ಕರೆ ಎಂದು ನನಗೆ ಗೊತ್ತು. ಬೆಂಗಳೂರಿನಲ್ಲಿರುವ ಅವರ ಮಗ ಮೊಬೈಲ್ ಆ್ಯಪ್‌ಗಳ ಪರದೆಗಳನ್ನು ವಿನ್ಯಾಸ ಮಾಡುತ್ತಾನೆ. ಅವನ ಕಂಪ್ಯೂಟರ್ ಕೆಟ್ಟರೆ ಇನ್ನೊಂದು ವಿಭಾಗದವರು ಬಂದು ನೋಡುತ್ತಾರೆ. ನಮ್ಮ ಊರಿನಲ್ಲಿ ಆ ಇನ್ನೊಂದು ವಿಭಾಗವೂ ನಾನೇ. ಆದರೆ ಇದನ್ನು ಊರು ಚಿಕ್ಕದು ಎಂಬ ಕಾರಣಕ್ಕೆ ಮಾಡಿಕೊಂಡ ಹೊಂದಾಣಿಕೆ ಎಂದು ನಾನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂಬುದನ್ನು ಒಮ್ಮೆ ಪೂರ್ತಿಯಾಗಿ ಬರೆದುಬಿಡೋಣ ಎಂದು ಕುಳಿತಿದ್ದೇನೆ.

ಸಾವಿರದ ಇನ್ನೂರು ಅರ್ಕಾವತ್ತು

ಅಂಗಡಿ ಹಾಕಿದ ಮೊದಲ ವರ್ಷ ಒಳಗೆ ಇದ್ದದ್ದು ಒಂದೇ ಮೇಜು. ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದೆ, ಆದರೆ ಅದನ್ನು ಬದಿಗಿಟ್ಟು ವಿನ್ಯಾಸವನ್ನೇ ಮಾಡುತ್ತೇನೆ ಎಂದು ಹಟ ಹಿಡಿದಿದ್ದೆ. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡ್, ಗೃಹಪ್ರವೇಶದ ಕರೆಯೋಲೆ. ಆ ವರ್ಷದ ಏಪ್ರಿಲ್‌ನಲ್ಲಿ ತೋಟದ ಕಡೆಯ ಕುಟುಂಬವೊಂದು ಮಗಳ ಮದುವೆಗೆ 600 ಪತ್ರಿಕೆ ಮಾಡಿಸಿತು. ವಧುವಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೊನೆಯ ಅಕ್ಷರಕ್ಕೆ ಅರ್ಕಾವತ್ತು ಇರುವ ಹೆಸರು ಎಂದಷ್ಟೇ ತಿಳಿದರೆ ಸಾಕು. ನಾನು ಕೋರೆಲ್‌ಡ್ರಾ ಎಂಬ ವಿನ್ಯಾಸದ ತಂತ್ರಾಂಶದಲ್ಲಿ ಪತ್ರಿಕೆ ಜೋಡಿಸಿ, ಕಂದುಗೆಂಪು ಶಾಯಿಯಲ್ಲಿ ಅಚ್ಚಾಗಲಿ ಎಂದು ಬೇರೆ ಊರಿನ ಪ್ರೆಸ್ಸಿಗೆ ಫೈಲ್ ಕಳಿಸಿದೆ. ಕರ್ವ್ಸ್ ಮಾಡದೆ ಕಳಿಸಿದೆ. ಅಕ್ಷರಗಳನ್ನು ಗೆರೆಗಳಾಗಿ ಬದಲಿಸಿಬಿಟ್ಟರೆ ಆಮೇಲೆ ಯಾವ ಕಂಪ್ಯೂಟರ್‌ನಲ್ಲಿ ತೆರೆದರೂ ಆಕಾರ ಕೆಡುವುದಿಲ್ಲ. ಡಿಟಿಪಿ ಕಲಿಸುವವರು ಮೊದಲ ದಿನವೇ ಹೇಳುವ ಮಾತು ಅದು. ಕೊನೆಯ ಗಳಿಗೆಯಲ್ಲಿ ಮುಹೂರ್ತದ ಸಮಯ ತಿದ್ದಬೇಕಾಗಬಹುದು ಎಂದು ನಾನು ಹಾಗೆಯೇ ಬಿಟ್ಟಿದ್ದೆ.

ಪ್ರೆಸ್ಸಿನಲ್ಲಿ ನನ್ನ ಫಾಂಟ್ ಇರಲಿಲ್ಲ. ಅದೇ ಮನೆತನದ ಇನ್ನೊಂದು ಫಾಂಟ್ ಇತ್ತು. ಫೈಲ್ ತೆರೆದಾಗ ಬದಲಿ ಫಾಂಟ್ ಹಾಕಲೇ ಎಂದು ತಂತ್ರಾಂಶ ಕೇಳಿದೆ, ಅಲ್ಲಿದ್ದವರು ಹೂಂ ಎಂದಿದ್ದಾರೆ. ಎಲ್ಲ ಅಕ್ಷರಗಳೂ ಸರಿಯಾಗಿ ಬಂದವು, ಅರ್ಕಾವತ್ತು ಒಂದನ್ನು ಬಿಟ್ಟು. ಆ ಚಿಹ್ನೆಯನ್ನು ಎರಡು ಫಾಂಟುಗಳವರು ಬೇರೆ ಬೇರೆ ಮನೆಯಲ್ಲಿ, ಅಂದರೆ ಬೇರೆ ಬೇರೆ ಸಂಕೇತ ಸಂಖ್ಯೆಯಲ್ಲಿ, ಇಟ್ಟಿದ್ದರು. ಪತ್ರಿಕೆಯ ಕಟ್ಟು ಬಿಚ್ಚಿದ್ದು ವಧುವಿನ ತಂದೆ, ನನ್ನ ಎದುರಿನಲ್ಲೇ. ಅವರು ಕನ್ನಡಕವನ್ನು ಹಣೆಗೆ ಏರಿಸಿ, ಪತ್ರಿಕೆಯನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡರು. ನಂತರ ಮಗಳ ಹೆಸರನ್ನು ಅಲ್ಲಿದ್ದ ಹಾಗೆಯೇ ಮೆಲ್ಲಗೆ ಓದಿದರು. ಬೈಗುಳ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಓದು ಕೇಳಲು ಆಗಲಿಲ್ಲ.

ಮದುವೆಗೆ ಹನ್ನೆರಡು ದಿನ ಇತ್ತು. ಮತ್ತೆ ಅಚ್ಚು ಮಾಡಿಸಲು ಪ್ರೆಸ್ಸಿನಲ್ಲಿ ಬಿಡುವಿಲ್ಲ, ಹಂಚಲು ಶುರು ಮಾಡಲೇಬೇಕು. "ಇವತ್ತು ರಾತ್ರಿ ನಾನು ಕೈಯಲ್ಲೇ ಬರೆದುಕೊಡುತ್ತೇನೆ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಬರಿಯಮ್ಮಾ" ಎಂದರು. ಹೆಸರು ಎರಡೂ ಕಡೆ ಸಾಲಿನ ಕೊನೆಯಲ್ಲಿದ್ದದ್ದು ನನ್ನ ಪುಣ್ಯ, ಪಕ್ಕದಲ್ಲಿ ಜಾಗವಿತ್ತು. ಹೊದಿಕೆಯ ಮೇಲೆ ಒಂದು, ಒಳಗೆ ಒಂದು, ಒಟ್ಟು 1,200 ಅರ್ಕಾವತ್ತು. ನಿಬ್ಬಿನ ಪೆನ್ನಿಗೆ ಕಂದುಗೆಂಪು ಶಾಯಿ ಬೆರೆಸಿ, ಬೇರೆ ಕಾಗದದ ಮೇಲೆ ಅಚ್ಚಿನ ಬಣ್ಣಕ್ಕೆ ಹೊಂದುವವರೆಗೆ ಪರೀಕ್ಷಿಸಿದೆ. ಮೊದಲ ಐವತ್ತು ಅರ್ಕಾವತ್ತುಗಳು ಬರಿಯ ಕೊಕ್ಕೆಗಳಂತೆ ಇದ್ದವು. ನೂರು ದಾಟಿದ ಮೇಲೆ ಕೈಗೆ ಒಂದು ಸಂಗತಿ ಹೊಳೆಯಿತು: ಈ ಚಿಹ್ನೆಯ ಸೌಂದರ್ಯವೆಲ್ಲ ಅದರ ಹೊಟ್ಟೆಯ ಒಳಗಿನ ಬಿಳಿಯಲ್ಲಿದೆ. ಶಾಯಿ ಆ ಬಿಳಿಯನ್ನು ನುಂಗಿದರೆ ಅಕ್ಷರ ಸತ್ತಂತೆ. ಮುನ್ನೂರರ ಹೊತ್ತಿಗೆ ಬಾಲವನ್ನು ಎಲ್ಲಿ ಎತ್ತಬೇಕು, ಎಲ್ಲಿ ತೆಳುವಾಗಿ ಬಿಡಬೇಕು ಎಂಬುದು ತಾನಾಗಿಯೇ ಬರತೊಡಗಿತು. ಹನ್ನೊಂದರ ಸುಮಾರಿಗೆ ಆ ತಂದೆ ಫ್ಲಾಸ್ಕಿನಲ್ಲಿ ಕಾಫಿ ತಂದಿಟ್ಟು, ತಾವೂ ಕುಳಿತು, ಶಾಯಿ ಆರಿದ ಪತ್ರಿಕೆಗಳನ್ನು ಮಡಚಿ ಲಕೋಟೆಗೆ ತುಂಬತೊಡಗಿದರು. ಬೆಳಗಿನ ಜಾವ ನಾಲ್ಕೂವರೆಗೆ ಮುಗಿಯಿತು.

ವಿನ್ಯಾಸದ ಬಗ್ಗೆ ಅಂದು ಕಲಿತಷ್ಟನ್ನು ನಾನು ಯಾವ ತರಗತಿಯಲ್ಲೂ ಕಲಿಯಲಿಲ್ಲ. ಆದರೆ ಮಾರನೆಯ ದಿನ ಮಲಗಿ ಎದ್ದಾಗ ನನ್ನನ್ನು ಕಾಡಿದ್ದು ಬೇರೆಯೇ ಪ್ರಶ್ನೆ. ಉಳಿದ ಅಕ್ಷರಗಳೆಲ್ಲ ಸರಿಯಾಗಿದ್ದು ಅದೊಂದೇ ಯಾಕೆ ಮಾಯವಾಯಿತು? ಅದನ್ನು ಹುಡುಕುತ್ತ ಹೋದವಳು ಬದಿಗಿಟ್ಟಿದ್ದ ಡಿಪ್ಲೊಮಾದ ಪುಸ್ತಕಗಳನ್ನು ಮತ್ತೆ ತೆಗೆದೆ. ಎರಡನೆಯ ಮೇಜು ಬಂದದ್ದು ಹಾಗೆ.

ಅಕ್ಷರ ಒಡೆಯುವ ಜಾಗ

ಕನ್ನಡ ಬರೆಯುವ ತಂತ್ರಾಂಶಗಳಾದ ನುಡಿ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಮನೆ ಇರಲಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆಂದು ಕಟ್ಟಿದ್ದ ಮನೆಗಳಲ್ಲಿ ನಮ್ಮ ಆಕೃತಿಗಳನ್ನು ಕೂರಿಸಿದ್ದರು. ಹಳೆಯ ನುಡಿಯಲ್ಲಿ 'ಕನ್ನಡ' ಎಂದು ಬರೆದು ಇಂಗ್ಲಿಷ್ ಫಾಂಟಿಗೆ ಬದಲಿಸಿ ನೋಡಿ. ನಕಾರದ ಜಾಗದಲ್ಲಿ ಬ್ರಿಟನ್ನಿನ ಪೌಂಡ್ ಚಿಹ್ನೆ ಕಾಣುತ್ತದೆ, ಅದರ ಒತ್ತಿನ ಜಾಗದಲ್ಲಿ ಜರ್ಮನ್ನರ ಜೋಡಿ ಎಸ್ ಅಕ್ಷರ. ನಮ್ಮ ಭಾಷೆಯ ಹೆಸರೇ ಕಂಪ್ಯೂಟರ್‌ನ ಪಾಲಿಗೆ ಬೇರೆ ದೇಶಗಳ ಚಿಹ್ನೆಗಳ ಗೊಂಚಲು. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಬಂದು ಕನ್ನಡಕ್ಕೆ 128 ಮನೆಗಳ ಕೇರಿಯನ್ನೇ ಬಿಟ್ಟುಕೊಟ್ಟಿತು. ಆದರೂ ಲಗ್ನಪತ್ರಿಕೆಯ ಕೆಲಸದಲ್ಲಿ ಹಳೆಯ ಫಾಂಟುಗಳು ಇವತ್ತಿಗೂ ಹೋಗಿಲ್ಲ, ಯಾಕೆಂದರೆ ಜನ ಇಷ್ಟಪಡುವ ಬಳುಕಿನ ಅಕ್ಷರಗಳು ಅಲ್ಲೇ ಹೆಚ್ಚು.

ಯೂನಿಕೋಡ್‌ನಲ್ಲೂ ಗಂಡಾಂತರ ಮುಗಿಯುವುದಿಲ್ಲ. 'ಲಕ್ಷ್ಮೀ' ಎಂದು ಬರೆದರೆ ಒಳಗೆ ಕೂರುವುದು ಏಳು ಸಂಕೇತಗಳು. ಅವುಗಳಲ್ಲಿ ಯಾವುದು ಯಾವುದರ ಕೆಳಗೆ ಒತ್ತಾಗಿ ಇಳಿಯಬೇಕು ಎಂಬ ನಿಯಮ ಫಾಂಟಿನೊಳಗಿರುತ್ತದೆ, ಆ ನಿಯಮವನ್ನು ಓದಿ ಪಾಲಿಸಬೇಕಾದದ್ದು ತಂತ್ರಾಂಶ. ಫೋಟೋಶಾಪ್‌ನಲ್ಲಿ ಭಾರತೀಯ ಲಿಪಿಗಳನ್ನು ಜೋಡಿಸುವ ಆಯ್ಕೆಯನ್ನು ಆರಿಸದೇ ಇದ್ದರೆ ಒತ್ತುಗಳೆಲ್ಲ ಬಿಡಿಬಿಡಿಯಾಗಿ ಸಾಲಿನಲ್ಲಿ ನಿಲ್ಲುತ್ತವೆ. ರಸ್ತೆ ಬದಿಯ ಫಲಕಗಳಲ್ಲಿ ಅರ್ಧಾಕ್ಷರಗಳು ಹಾಗೆ ಚೆಲ್ಲಿಕೊಂಡಿರುವುದನ್ನು ನೀವೂ ನೋಡಿದ್ದೀರಿ. ಅದು ಬರೆದವರ ಅಜ್ಞಾನ ಎಂದು ನಾವು ಬೈಯುತ್ತೇವೆ. ಎಷ್ಟೋ ಸಲ ಬರೆದವರಿಗೆ ಕನ್ನಡ ಚೆನ್ನಾಗಿಯೇ ಗೊತ್ತಿರುತ್ತದೆ, ಯಂತ್ರದೊಳಗಿನ ಒಂದು ಆಯ್ಕೆ ಮಾತ್ರ ಗೊತ್ತಿರುವುದಿಲ್ಲ. ಇಂಗ್ಲಿಷಿನಲ್ಲಿ ವಿನ್ಯಾಸ ಮಾಡುವವರು ಈ ಕಷ್ಟವನ್ನು ಕಾಣದೆಯೇ ಇಡೀ ಜೀವನ ಕಳೆಯಬಹುದು. ಕನ್ನಡದಲ್ಲಿ ಅಕ್ಷರ ಜೋಡಿಸಿ ಹೊಟ್ಟೆ ಹೊರೆಯುವವರು ಯಂತ್ರದ ಮುಚ್ಚಳ ತೆಗೆದು ನೋಡಲೇಬೇಕು.

ನುಡಿಯಲ್ಲಿ ನಮ್ಮ ಬೆರಳುಗಳು ಓಡುವ ಕೀಲಿಮಣೆಯ ಬೇರು ಇರುವುದು ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ. 26 ಇಂಗ್ಲಿಷ್ ಕೀಲಿಗಳ ಮೇಲೆ ನಮ್ಮ ಇಡೀ ವರ್ಣಮಾಲೆಯನ್ನು, ಉಚ್ಚಾರಕ್ಕೆ ಹತ್ತಿರವಾಗುವಂತೆ ಕೂರಿಸಿದ್ದು ಅವರು. ಅದನ್ನು ಯಾವ ಸಂಖ್ಯೆಯ ಕೆಳಗೆ ಬರೆಯೋಣ? ವಿನ್ಯಾಸ ಎಂದೇ, ತಂತ್ರಜ್ಞಾನ ಎಂದೇ? ಅಕ್ಷರದ ರೂಪ ಮತ್ತು ಯಂತ್ರದ ಮಿತಿ ಎರಡನ್ನೂ ಒಟ್ಟಿಗೆ ಕೈಯಲ್ಲಿ ಹಿಡಿದವರಿಗೆ ಮಾತ್ರ ಸಾಧ್ಯವಾಗುವ ಕೆಲಸ ಅದು. ಅವರ ದೊಡ್ಡ ಸಾಧನೆಯ ಪಕ್ಕದಲ್ಲಿ ನನ್ನ ಅಂಗಡಿಯನ್ನು ನಿಲ್ಲಿಸುತ್ತಿಲ್ಲ, ಆದರೆ ದಾರಿ ಅದೇ ಎಂಬ ಧೈರ್ಯ ನನಗೆ ಅಲ್ಲಿಂದ ಬಂದಿದೆ.

ಇನ್ನೊಂದು ಚಿಕ್ಕ ಸಂಗತಿ. ಕಾಫಿಪುಡಿ ಮಾಡುವವರೊಬ್ಬರು ಬಾರ್‌ಕೋಡ್ ಓದುವ ಸ್ಕ್ಯಾನರ್ ಕೆಟ್ಟಿದೆ ಎಂದು ತಂದುಕೊಟ್ಟರು. ನನ್ನ ಮೇಜಿನ ಮೇಲಿದ್ದ ಬೇರೆ ಪೊಟ್ಟಣಗಳನ್ನೆಲ್ಲ ಅದು ಚೆನ್ನಾಗಿಯೇ ಓದಿತು. ಅವರ ಪೊಟ್ಟಣವನ್ನು ತರಿಸಿ ನೋಡಿದರೆ, ಕೆನೆ ಬಣ್ಣದ ಹಿನ್ನೆಲೆಯ ಮೇಲೆ ಹುರಿದ ಕಾಫಿಯ ತಿಳಿಗಂದು ಬಣ್ಣದಲ್ಲಿ ಬಾರ್‌ಕೋಡ್. ನೋಡಲು ಬಹಳ ಚೆಂದ. ಆದರೆ ಆ ಸ್ಕ್ಯಾನರ್ ಬೀರುವುದು ಕೆಂಪು ಬೆಳಕು. ಕೆಂಪು ಅಂಶ ಇರುವ ಗೆರೆಗಳು ಅದರ ಕಣ್ಣಿಗೆ ಬಿಳಿಯಂತೆಯೇ ಹೊಳೆಯುತ್ತವೆ. ಗೆರೆಗಳನ್ನು ಕಪ್ಪು ಮಾಡಿಸಿದೆ, ಚಿಕೋರಿ ಎಷ್ಟು ಶೇಕಡಾ ಎಂಬ ಸಾಲನ್ನು ಮೂಲೆಯಿಂದ ಎತ್ತಿ ಓದುವ ಹಾಗೆ ಮುಂದೆ ತಂದೆ. ಚಿಕೋರಿ ಬೆರೆಸಿದ ಕಾಫಿಪುಡಿಯಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ಹೇಳಲೇಬೇಕು ಎಂಬುದು ಕಾನೂನು. ಅದನ್ನು ಮುಚ್ಚಿಡುವ ಹಾಗೆ ಚಿಕ್ಕದಾಗಿ ಜೋಡಿಸುವುದು ನನಗೆ ಸರಿ ಕಾಣುವುದಿಲ್ಲ.

ಶನಿವಾರದ ಫೋನ್

ಆಲ್ದೂರಿನ ಕಡೆಯ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಗೌಡರು ಕುಯ್ಲಿನ ಕಾಲದಲ್ಲಿ ಪ್ರತಿ ಶನಿವಾರ ಫೋನ್ ಮಾಡುತ್ತಿದ್ದರು. "ಪ್ರಿಂಟರ್ ಮತ್ತೆ ಕತ್ತರಿಸುತ್ತಿದೆ ನೋಡಮ್ಮಾ." ಶನಿವಾರ ಬಟವಾಡೆ. ಮೊದಲ ಸಲ ಹೋಗಿ ರೋಲರ್ ಒರೆಸಿ ಬಂದೆ. ಎರಡನೆಯ ಸಲ ಡ್ರೈವರ್ ತೆಗೆದು ಹೊಸದಾಗಿ ಹಾಕಿದೆ. ಎರಡೂ ಸಲ 500 ರೂಪಾಯಿ ತೆಗೆದುಕೊಂಡೆ. ಮೂರನೆಯ ಸಲ ಏನನ್ನೂ ಮುಟ್ಟದೆ, "ಗೌಡರೇ, ನೀವು ಯಾವಾಗಲೂ ಮಾಡುವ ಹಾಗೆ ಮಾಡಿ, ನಾನು ಪಕ್ಕದಲ್ಲಿ ಕುಳಿತು ನೋಡುತ್ತೇನೆ" ಎಂದೆ.

ಹಂಚಿನ ಮಾಡಿನ ಕಚೇರಿ. ಹೊರಗೆ ಕಣದಲ್ಲಿ ಕಾಫಿ ಹರಡಿದ್ದರು, ಅದರ ಹುಳಿಯ ವಾಸನೆ ಒಳಗೂ ಇತ್ತು. ಗೌಡರು ಚೆಕ್‌ರೋಲ್, ಅಂದರೆ ಆಳುಗಳ ಕೂಲಿಯ ಪಟ್ಟಿ, ತೆರೆದು ಪ್ರಿಂಟ್ ಕೊಟ್ಟರು. ಎರಡು ಹಾಳೆ ಬಂದವು. ಮೊದಲನೆಯದರಲ್ಲಿ ಹೆಸರು ಮತ್ತು ದಿನದಿನದ ಕೆಜಿ ಲೆಕ್ಕ, ಎರಡನೆಯದರಲ್ಲಿ ಹೆಸರೇ ಇಲ್ಲದ ಮೂರು ಅಂಕಣ: ಒಟ್ಟು, ಮುಂಗಡ, ಕೈಗೆ ಸಿಗುವ ಹಣ. ಗೌಡರು ಗೋಂದಿನ ಬಾಟಲಿ ತೆಗೆದು ಹಾಳೆಗಳನ್ನು ಅಕ್ಕಪಕ್ಕ ಅಂಟಿಸಿ, ಮರದ ಸ್ಕೇಲನ್ನು ಅಡ್ಡ ಹಿಡಿದು ಒಂದೊಂದೇ ಸಾಲನ್ನು ಓದತೊಡಗಿದರು. ಸ್ಕೇಲಿನ ಅಂಚು ಬೆವರಿಗೆ ಕಪ್ಪಾಗಿತ್ತು. "ಒಂದು ಸಾಲು ಜಾರಿದರೆ ಒಬ್ಬರ ಮುಂಗಡ ಇನ್ನೊಬ್ಬರಿಗೆ ಹೋಗುತ್ತದೆ. ಹೋದ ವರ್ಷ ಒಬ್ಬ ಹೆಂಗಸಿಗೆ ಹಾಗಾಯಿತು. ನನ್ನ ಜೇಬಿನಿಂದ ಕೊಟ್ಟೆ" ಎಂದರು.

ಪ್ರಿಂಟರ್‌ಗೆ ಏನೂ ಆಗಿರಲಿಲ್ಲ. ಯಾರೋ ಯಾವಾಗಲೋ ಮಾಡಿಕೊಟ್ಟ ಆ ಹಾಳೆಯಲ್ಲಿ 31 ದಿನಗಳ ಅಂಕಣಗಳಿದ್ದವು. ಬಟವಾಡೆ ವಾರದ್ದು, ಹಾಳೆ ತಿಂಗಳಿನದು. ಪ್ರತಿ ಶನಿವಾರ ಬೇಕಿಲ್ಲದ ಇಪ್ಪತ್ತನಾಲ್ಕು ಅಂಕಣಗಳು ಬೇಕಾದ ಮೂರನ್ನು ಹಾಳೆಯಿಂದ ಹೊರಗೆ ತಳ್ಳುತ್ತಿದ್ದವು. ಅಲ್ಲೇ ಕುಳಿತು ಏಳು ದಿನಗಳ ಹಾಳೆ ಮಾಡಿದೆ. ಕಣ್ಣು ಸಾಲು ತಪ್ಪದಿರಲಿ ಎಂದು ಒಂದು ಬಿಟ್ಟು ಒಂದು ಸಾಲಿಗೆ ನಸುಬೂದು. ಕೈಗೆ ಸಿಗುವ ಹಣ ದಪ್ಪ ಅಂಕಿಗಳಲ್ಲಿ, ಹೆಬ್ಬೆಟ್ಟು ಒತ್ತುವ ಜಾಗದ ಪಕ್ಕದಲ್ಲೇ. ದುಡ್ಡು ತೆಗೆದುಕೊಳ್ಳುವವರ ಕಣ್ಣಿಗೂ ಅದು ಬೀಳಬೇಕು. ಹೆಸರನ್ನು ಎಡತುದಿಯಲ್ಲಿ ಒಮ್ಮೆ, ಹಣದ ಪಕ್ಕದಲ್ಲಿ ಚಿಕ್ಕದಾಗಿ ಇನ್ನೊಮ್ಮೆ ಹಾಕಿದೆ. ಎರಡು ಗಂಟೆ ಹಿಡಿಯಿತು. ಗೌಡರು ಒಂದೇ ಹಾಳೆ ಹೊರಬಂದದ್ದನ್ನು ನೋಡಿ, ಇನ್ನೊಂದು ಬರುತ್ತದೆಂದು ಪ್ರಿಂಟರ್‌ನ ಬಾಯಿಯ ಕೆಳಗೆ ಕೈ ಹಿಡಿದುಕೊಂಡೇ ನಿಂತಿದ್ದರು.

ಆಮೇಲೆ ಶನಿವಾರದ ಫೋನ್ ನಿಂತಿತು.

ದುಡ್ಡಿನ ಮಾತು

ನಿಂತ ಫೋನಿನಿಂದ ನನಗೆ ವಾರಕ್ಕೆ 500 ರೂಪಾಯಿ ಕಡಿಮೆಯಾಯಿತು. ಆ ದಿನ ಹಾಳೆಯ ವಿನ್ಯಾಸಕ್ಕೆಂದು ಏನನ್ನೂ ಕೇಳಿರಲಿಲ್ಲ, ಹೋಗಿ ಬಂದದ್ದಕ್ಕಷ್ಟೇ ಪಡೆದಿದ್ದೆ. ಇದನ್ನು ಹೇಳಲೇಬೇಕು, ಯಾಕೆಂದರೆ ಈ ಎರಡು ಕೆಲಸಗಳನ್ನು ಕೂಡಿಸಿಕೊಳ್ಳಲು ಬಯಸುವ ಹುಡುಗ ಹುಡುಗಿಯರು ಎಡವುವುದು ಇಲ್ಲೇ. ಬಿಡಿಭಾಗ ಬದಲಿಸಿದರೆ ಜನ ದುಡ್ಡು ಕೊಡುತ್ತಾರೆ, ಹಳೆಯ ಭಾಗವನ್ನು ಕೈಯಲ್ಲಿ ಹಿಡಿದು ತೋರಿಸಬಹುದು. ವಿನ್ಯಾಸಕ್ಕೆ ಬಂದಾಗ "ಕಂಪ್ಯೂಟರ್‌ನಲ್ಲೇ ಮಾಡುವುದಲ್ಲವೇ ಮೇಡಂ" ಎನ್ನುತ್ತಾರೆ. ಹಾಗಾಗಿ ನಾವು ಒಂದನ್ನು ಮಾರಿ ಇನ್ನೊಂದನ್ನು ಪುಕ್ಕಟೆಯಾಗಿ ಜೊತೆಗೆ ಕಟ್ಟಿಕೊಡತೊಡಗುತ್ತೇವೆ. ಹಾಗೆ ಮಾಡಬೇಡಿ. ನಾನು ನಾಲ್ಕು ವರ್ಷ ಹಾಗೆ ಮಾಡಿದೆ, ಆ ನಾಲ್ಕು ವರ್ಷಗಳ ವಿನ್ಯಾಸವೆಲ್ಲ ನನ್ನ ಲೆಕ್ಕದ ಪುಸ್ತಕದಲ್ಲಿ ಇಲ್ಲವೇ ಇಲ್ಲ.

ಈಗ ತೋಟಗಳಿಗೂ ಹೋಂಸ್ಟೇಗಳಿಗೂ ವರ್ಷದ ಒಪ್ಪಂದ ಮಾಡಿಕೊಳ್ಳುತ್ತೇನೆ. ಯಂತ್ರಗಳ ನಿರ್ವಹಣೆ ಒಂದು ಸಾಲು, ನಮೂನೆ ಮತ್ತು ಅಕ್ಷರದ ಕೆಲಸ ಇನ್ನೊಂದು ಸಾಲು, ಎರಡಕ್ಕೂ ಬೇರೆ ಬೇರೆ ಮೊತ್ತ. ಗೌಡರ ತೋಟದ ಸಾಹುಕಾರರು ಎರಡನೆಯ ಸಾಲಿಗೆ ಬೆರಳಿಟ್ಟು "ಇದೇನು?" ಎಂದಾಗ ಹಳೆಯ ಅಂಟಿಸಿದ ಹಾಳೆಯನ್ನೂ ಹೊಸದನ್ನೂ ಮುಂದಿಟ್ಟೆ. ಅವರು ಮರುಮಾತಿಲ್ಲದೆ ಸಹಿ ಹಾಕಿದರು. ಕಡಿಮೆ ಸಲ ಕರೆಯಬೇಕಾದ ಹಾಗೆ ಕೆಲಸ ಮಾಡುವವರಿಗೆ ಕರೆಯ ಲೆಕ್ಕದಲ್ಲಿ ಕೂಲಿ ಕೊಡುವ ಪದ್ಧತಿ ಹೊಂದುವುದಿಲ್ಲ ಎಂದು ನನಗೆ ಅರ್ಥವಾಗಲು ಇಷ್ಟು ಕಾಲ ಹಿಡಿಯಿತು.

ನಷ್ಟವೂ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತಲ್ಲ, ಅದರ ಹಿಂದುಮುಂದಿನ ಆರು ತಿಂಗಳು ನಾನು ಬಲಗಡೆಯ ಮೇಜಿಗೆ ಕುಳಿತದ್ದೇ ಅಪರೂಪ. ಹೊಸ ವಿಂಡೋಸ್‌ಗೆ ಒಗ್ಗದ ಹಳೆಯ ಯಂತ್ರಗಳು ಸಾಲುಗಟ್ಟಿ ನಿಂತಿದ್ದವು. ಮತ್ತೆ ಅಕ್ಷರ ಎಳೆಯಲು ಕುಳಿತಾಗ ಕೈ ಬಿಗಿದಿತ್ತು, ವಕ್ರರೇಖೆಗಳಲ್ಲಿ ಜೀವ ಬರಲು ವಾರಗಳೇ ಬೇಕಾದವು. ದುರಸ್ತಿಯ ಕೆಲಸ ಬಾಗಿಲು ಬಡಿಯುತ್ತದೆ, ವಿನ್ಯಾಸಕ್ಕೆ ಬಾಗಿಲು ಮುಚ್ಚಿರಬೇಕು. ಅದಕ್ಕೆ ಬೆಳಗ್ಗೆ ಏಳರಿಂದ ಹತ್ತರವರೆಗೆ ಶಟರ್ ಅರ್ಧ ಇಳಿಸಿ, ಫೋನ್ ಒಳಗಿಟ್ಟು ಕುಳಿತುಕೊಳ್ಳುತ್ತೇನೆ. ಹೂಮಳೆಯ ದಿನಗಳಲ್ಲಿ ಮಾತ್ರ ಈ ನಿಯಮ ನಡೆಯುವುದಿಲ್ಲ.

ಹೂಮಳೆ

ಮಾರ್ಚ್, ಏಪ್ರಿಲ್‌ನಲ್ಲಿ ಗುಡುಗಿನೊಂದಿಗೆ ಬರುವ ಆ ಮಳೆಗೆ ಇಡೀ ಜಿಲ್ಲೆ ಕಾದಿರುತ್ತದೆ. ಬಿದ್ದ ವಾರದೊಪ್ಪತ್ತಿನಲ್ಲಿ ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳಿ ಮಲ್ಲಿಗೆಯಂಥ ವಾಸನೆ ಬೀರುತ್ತವೆ. ಅದೇ ಮಳೆಯ ಸಿಡಿಲು ಬಂಗಲೆಯಿಂದ ಕಚೇರಿಗೆ ಎಳೆದ ತಾಮ್ರದ ಕೇಬಲ್ ಹಿಡಿದು ಹೋಗಿ ಎರಡೂ ತುದಿಯ ಯಂತ್ರಗಳನ್ನು ಸುಡುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಎಳೆಯ ಕೇಬಲ್ ಹಾಕಿಸಿ ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಅರ್ಧ ಜನ ಹಾಕಿಸಿದ್ದಾರೆ, ಉಳಿದವರು ಈ ವರ್ಷವೂ ಸುಟ್ಟ ಮೋಡೆಮ್ ಹಿಡಿದು ಬಂದರು.

ಮೊನ್ನೆ ಅಂಥದೇ ಒಂದು ರಾತ್ರಿಯ ಮಾರನೆಯ ಬೆಳಗ್ಗೆ ಗೌಡರ ಹೆಸರು ಫೋನಿನಲ್ಲಿ ಮೂಡಿತು. ಕಚೇರಿ ಹೋಯಿತೇನೋ ಎಂದುಕೊಂಡೇ ಎತ್ತಿದೆ. "ಯಂತ್ರಕ್ಕೆ ಏನೂ ಆಗಿಲ್ಲಮ್ಮಾ. ಹಾಳೆಯಲ್ಲಿ ಮಳೆ ಬರೆಯಲು ನಾನೇ ಒಂದು ಸಾಲು ಹಾಕಿದ್ದೇನೆ. ಸರಿಯಿದೆಯೇ ನೋಡು" ಎಂದರು. ವಾಟ್ಸ್ಆ್ಯಪ್‌ನಲ್ಲಿ ಫೈಲ್ ಬಂತು. ದಿನದ ಸಾಲಿನ ಕೆಳಗೆ ಇಂಚು, ಸೆಂಟಿನ (ಇಂಚಿನ ನೂರನೆಯ ಒಂದು ಪಾಲು) ಲೆಕ್ಕದಲ್ಲಿ ಮಳೆ. ಅಂಕಿಗಳೆಲ್ಲ ಬಲಕ್ಕೆ ಹೊಂದಿಕೊಂಡಿದ್ದವು, ಹೊಸ ಸಾಲಿಗೆ ಜಾಗ ಬಿಡಲು ಹೆಸರುಗಳ ಸಾಲುಗಳನ್ನು ಅವರು ಒಂದೆಳೆಯಷ್ಟು ಕೆಳಗೆ ತಳ್ಳಿದ್ದರು. ನನ್ನ ಬೂದು ಬಣ್ಣವನ್ನೇ ಅಲ್ಲಿಗೂ ಎಳೆದಿದ್ದರು. ಬಲಗಡೆಯ ಮೇಜಿನಿಂದ ಪ್ರಿಂಟ್ ಕೊಟ್ಟೆ. ಒಂದೇ ಹಾಳೆಯಲ್ಲಿ ಬಂತು.